ಗೇಣಿಗೊಂದು ಕಾಯಿ

ಮುರಿದು ಬಿದ್ದ ಟೊಂಗೆಯೊಂದನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು, ಮಳೆಯಲ್ಲಿ ತೊಯ್ಯುತ್ತ, ಯಾರಿಗೂ ಕಾಣದ ಹಾಗೆ ತನ್ನದೇ ಮನೆಯಿಂದ ಹೊರಗೆ ಸಾಗಿಸಿದ ಗಣಿತದ ಟೀಚರೊಬ್ಬಳನ್ನು ನೀವು ನೋಡಿದ್ದೀರಾ?

ನೋಡಿಲ್ಲವಾದರೆ ಈ ಅಂಕಣದ ಮೇಲಿರುವ ಫೋಟೋ ನೋಡಿ. (ಫೋಟೋ ಹಳೆಯದು. ಈಗ ಕಣ್ಣಿನ ಕೆಳಗೆ ಇನ್ನಷ್ಟು ಕಪ್ಪಾಗಿದೆ.)

ಟೊಂಗೆ ಪೀಚ್ ಗಿಡದ್ದು. ಅದು ಯಾರ ಕಣ್ಣಿಗೆ ಬೀಳಬಾರದು ಎಂದು ನಾನು ಅಷ್ಟು ಒದ್ದಾಡಿದೆನೋ ಅವಳು ನನ್ನ ನಾದಿನಿ ಗಿರಿಜಾ. ಅವಳೀಗ ತುಂಬು ಬಸುರಿ. ಗಿಡಕ್ಕೂ ಬಸುರಿಗೂ ಏನು ಸಂಬಂಧ ಅಂತೀರಾ? ಅದನ್ನೇ ನಾನೂ ಮೂರು ತಿಂಗಳಿಂದ ಕೇಳಿಕೊಳ್ಳುತ್ತಿದ್ದೇನೆ. ಕೇಳಿಕೊಂಡು ಕೇಳಿಕೊಂಡು ಸುಸ್ತಾಗಿದ್ದೇನೆ.

ಮೊದಲು ಗಿಡದ ಕಥೆ ಹೇಳಿಬಿಡುತ್ತೇನೆ.

ಟಿಳಕವಾಡಿಯಲ್ಲಿ ನಮ್ಮದು ಹಳೆಯ ಮನೆ, ಹಿಂದೆ ಒಂದಿಷ್ಟು ಹಿತ್ತಲು. ಪಕ್ಕದ ಬಾಡಿಗೆ ಮನೆಯಲ್ಲಿ ಕೆಲವು ವರ್ಷ ಒಬ್ಬ ಮಿಲಿಟರಿಯವರ ಸಂಸಾರ ಇತ್ತು. ಕ್ಯಾಂಪಿನಲ್ಲಿ ಕ್ವಾರ್ಟರ್ಸ್ ಸಿಗದೆ ಈ ಕಡೆ ಬಂದವರು. ಹೆಂಡತಿ ಕಮಲಾ, ಉತ್ತರಾಖಂಡದ ಬೆಟ್ಟದ ಹೆಂಗಸು. ಒಮ್ಮೆ ರಜೆಗೆ ಊರಿಗೆ ಹೋದವಳು ಬರುವಾಗ ಎರಡು ಪೀಚ್ ಸಸಿ ತಂದಳು. ಒದ್ದೆ ಗೋಣಿಯಲ್ಲಿ ಸುತ್ತಿ, ರೈಲಿನಲ್ಲಿ ಅಷ್ಟು ದೂರ ಕಾಲ ಹತ್ತಿರ ಇಟ್ಟುಕೊಂಡು ತಂದಿದ್ದಳು. ‘ಇದು ಕಡಿಮೆ ಚಳಿಯಲ್ಲೂ ಬರುವ ಜಾತಿ, ನಿಮ್ಮ ಊರಿನ ಚಳಿ ಸಾಕು’ ಅಂದಳು ಹಿಂದಿಯಲ್ಲಿ. ಒಂದನ್ನು ನಮಗೆ ಕೊಟ್ಟಳು. ತಾನಿಟ್ಟುಕೊಂಡದ್ದು ಅದೇ ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಂತು ಕೊಳೆಯಿತು. ನಮ್ಮದು ಉಳಿಯಿತು. ಕಾರಣ ನನ್ನ ಜಾಣತನ ಅಲ್ಲ. ನಮ್ಮ ಹಿತ್ತಲು ಇಳಿಜಾರು, ನೀರು ತಾನೇ ಓಡಿಹೋಗುತ್ತದೆ.

ಕಮಲಾಳ ಗಂಡನಿಗೆ ಬೇರೆ ಕಡೆ ಪೋಸ್ಟಿಂಗ್ ಆಯಿತು. ಹೋಗುವ ಮುಂಚೆ ಅವಳು ನನ್ನನ್ನು ಗಿಡದ ಮುಂದೆ ನಿಲ್ಲಿಸಿಕೊಂಡು ಪಾಠ ಮಾಡಿದಳು. ಪೀಚ್ ಅಂದರೆ ಮಾವಿನ ಗಿಡ ಅಲ್ಲ, ನೆಟ್ಟು ಮರೆತುಬಿಡಲು ಬರುವುದಿಲ್ಲ. ಹೋದ ವರ್ಷ ಚಿಗುರಿದ ಕಡ್ಡಿಯಲ್ಲಿ ಮಾತ್ರ ಈ ವರ್ಷ ಹಣ್ಣು. ಆದ್ದರಿಂದ ಎಲೆ ಉದುರಿದ ಮೇಲೆ, ಚಳಿಗಾಲದಲ್ಲಿ, ಕನಿಕರ ತೋರಿಸದೆ ಕತ್ತರಿಸಬೇಕು. ನಡುವೆ ಬಿಸಿಲು ಇಳಿಯುವ ಹಾಗೆ ಖಾಲಿ ಬಿಡಬೇಕು. ಮುದುಡಿದ ಎಲೆ ಕಂಡರೆ ಕಿತ್ತು ಸುಡಬೇಕು. ಹಣ್ಣಾಗುವ ಹೊತ್ತಿಗೆ ನೊಣ ಮುತ್ತುತ್ತದೆ, ಕಾಗದದ ಚೀಲ ಕಟ್ಟಬೇಕು.

ಕೊನೆಯ ಪಾಠ ಎಲ್ಲಕ್ಕಿಂತ ಮುಖ್ಯವಾದದ್ದು. ಕಾಯಿ ಬೋರೆಹಣ್ಣಿನ ಗಾತ್ರ ಆದಾಗ ಮುಕ್ಕಾಲುಪಾಲು ಕಿತ್ತು ಹಾಕಬೇಕು. ಗೇಣಿಗೊಂದು ಕಾಯಿ ಉಳಿಸಬೇಕು, ಅಷ್ಟೇ. ಇಲ್ಲದಿದ್ದರೆ ಹಣ್ಣು ಗೋಲಿಯಷ್ಟೇ ಉಳಿಯುತ್ತದೆ, ಟೊಂಗೆ ಭಾರ ತಾಳದೆ ಸೀಳುತ್ತದೆ. ‘ಈ ಗಿಡಕ್ಕೆ ಬೇಡ ಅನ್ನಲು ಬರುವುದಿಲ್ಲ ದೀದಿ, ಅದರ ಪರವಾಗಿ ನೀನು ಅನ್ನಬೇಕು’ ಅಂದಳು.

ನನಗೂ ಬೇಡ ಅನ್ನಲು ಬರುವುದಿಲ್ಲ ಎಂದು ಅವಳಿಗೆ ಹೇಳಬೇಕೆನಿಸಿತು. ಹೇಳಲಿಲ್ಲ. ನಮ್ಮ ಮನೆಗೆ ಬಂದು ಹೋಗುವವರ ಸಂಖ್ಯೆ ನೋಡಿ ಅವಳಿಗೇ ಗೊತ್ತಿತ್ತು.

ಮೊದಲೆರಡು ವರ್ಷ ಏನೂ ಬಿಡಲಿಲ್ಲ. ಆಮೇಲೆ ಬಿಟ್ಟ ನಾಲ್ಕು ಕಾಯಿಗಳನ್ನು ಗಿಳಿಗಳು ತಿಂದವು. ಈ ಜನವರಿಯಲ್ಲಿ ಮಾತ್ರ ಗಿಡಕ್ಕೆ ಏನಾಯಿತೋ. ಒಂದೂ ಎಲೆ ಇಲ್ಲದ ಬೋಳು ಕಡ್ಡಿಗಳ ತುಂಬ ಗುಲಾಬಿ ಹೂವು. ರಸ್ತೆಯಲ್ಲಿ ಹೋಗುವವರು ನಿಂತು ಸೆಲ್ಫಿ ತೆಗೆದುಕೊಂಡರು. ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಅದೇ ಜನವರಿಯಲ್ಲಿ ಗಿರಿಜಾ ನಮ್ಮ ಮನೆಗೆ ಬಂದಳು.

ಅವಳನ್ನು ಕೊಟ್ಟಿರುವುದು ಖಾನಾಪುರಕ್ಕೆ. ಗಂಡ ಬಸವರಾಜನದು ಹಂಚು, ಇಟ್ಟಿಗೆಯ ವ್ಯಾಪಾರ. ಒಳ್ಳೆಯ ಹುಡುಗ, ಮಾತು ಕಡಿಮೆ. ಮದುವೆಯಾಗಿ ಬಹಳ ವರ್ಷ ಆಗಿದೆ. ಈ ಹಿಂದೆ ಎರಡು ಸಲ ಅವಳಿಗೆ ಬಸಿರು ನಿಲ್ಲಲಿಲ್ಲ. ಎರಡನೆಯ ಸಲವಂತೂ ಐದು ತಿಂಗಳಾಗಿತ್ತು. ಆಮೇಲೆ ಅವಳು ಒಂದು ವರ್ಷ ಯಾರ ಮದುವೆಗೂ, ಯಾರ ತೊಟ್ಟಿಲಿಗೂ ಬರಲಿಲ್ಲ. ಈಗ ಮೂರನೆಯ ಸಲ. ‘ಹಾಸಿಗೆ ಬಿಟ್ಟು ಏಳಬಾರದು, ಬಚ್ಚಲಿಗೆ ಹೋಗಿ ಬಂದರೆ ಸಾಕು, ಖಾನಾಪುರದಿಂದ ಓಡಾಡುವುದಂತೂ ಬೇಡವೇ ಬೇಡ’ ಅಂದರು ಡಾಕ್ಟರು. ಆಸ್ಪತ್ರೆ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ನಮ್ಮವರು ಹಿಂದುಮುಂದು ನೋಡದೆ ತಂಗಿಯನ್ನು ಕರೆತಂದರು. ಹಿತ್ತಲ ಕಡೆಯ ಕೋಣೆ, ಕಿಟಕಿ ಪಕ್ಕದ ಮಂಚ ಅವಳಿಗಾಯಿತು. ಮಗಳನ್ನು ನೋಡಿಕೊಳ್ಳಲು ನಂದಗಡದಿಂದ ನಮ್ಮತ್ತೆ ನೀಲವ್ವನೂ ಬಂದರು.

ಅತ್ತೆ ಬಂದರು ಅಂದರೆ ನಿಯಮಗಳೂ ಬಂದವು. ಬಸುರಿ ಇರುವ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯಬಾರದು. ಕುಂಬಳಕಾಯಿ ಹೆಚ್ಚಬಾರದು. ಹೊಸ್ತಿಲ ಮೇಲೆ ನಿಲ್ಲಬಾರದು. ಸಂಜೆ ದೀಪ ಹಚ್ಚಿದ ಮೇಲೆ ಕಸ ಹೊರಗೆ ಹಾಕಬಾರದು. ನಾನು ಎಲ್ಲಕ್ಕೂ ‘ಹೂಂ’ ಅಂದೆ. ಬೆಳಗ್ಗೆ ಐದಕ್ಕೆ ಎದ್ದು, ಅಡುಗೆ ಮಾಡಿಟ್ಟು, ಶಾಲೆಗೆ ಓಡಿ, ಹತ್ತನೆಯವರಿಗೆ ಸ್ಪೆಷಲ್ ಕ್ಲಾಸ್ ಮುಗಿಸಿ ಸಂಜೆ ಮನೆಗೆ ಬರುವವಳಿಗೆ ವಾದ ಮಾಡುವ ತ್ರಾಣ ಎಲ್ಲಿರುತ್ತದೆ? ಮೊಳೆ ಹೊಡೆಯದೆ ಯಾರೂ ಸತ್ತಿಲ್ಲ, ಇರಲಿ ಬಿಡು ಅಂದುಕೊಂಡೆ.

ಫೆಬ್ರುವರಿಯ ಒಂದು ಭಾನುವಾರ ಬೆಳಗ್ಗೆ ಬಕೆಟ್ ತೆಗೆದುಕೊಂಡು ಹಿತ್ತಲಿಗೆ ಇಳಿದೆ. ಕಾಯಿ ಸರಿಯಾಗಿ ಬೋರೆಹಣ್ಣಿನಷ್ಟಾಗಿತ್ತು. ಒಂದೊಂದು ಕಡ್ಡಿಗೆ ಮಣಿಸರದ ಹಾಗೆ ಒತ್ತೊತ್ತಾಗಿ ಅಂಟಿಕೊಂಡಿದ್ದವು. ಮೊದಲನೆಯದಕ್ಕೆ ಕೈ ಹಾಕಿದೆನೋ ಇಲ್ಲವೋ, ಬಾಗಿಲಲ್ಲಿ ಅತ್ತೆ.

“ಏನ ಮಾಡಾಕತ್ತಿ ಶೋಭಾ?”

“ಕಾಯಿ ಕೀಳಾಕತ್ತೀನ್ರಿ ಅತ್ತಿ. ಭಾಳ ಆಗ್ಯಾವು. ಕಿತ್ತರ ಉಳಿದವು ದಪ್ಪ ಆಗತಾವು.”

“ಮನ್ಯಾಗ ಬಸರಿ ಮಲಗ್ಯಾಳ. ನೀ ಎಳೀ ಕಾಯಿ ಹರೀತಿ?”

ದನಿ ಏರಿಸಿ ಹೇಳಲಿಲ್ಲ ಅವರು. ಏರಿಸಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ. ಮೆಲ್ಲಗೆ ಹೇಳಿದರು. ಅದು ಬರೀ ಮಡಿಮೈಲಿಗೆಯ ಮಾತಾಗಿರಲಿಲ್ಲ. ಆ ಹೆಂಗಸಿಗೆ ನಿಜವಾಗಿ ಭಯವಾಗಿತ್ತು.

ನಾನು ಕಮಲಾ ಹೇಳಿದ್ದನ್ನೆಲ್ಲ ಹೇಳಿದೆ. ಗೇಣಿನ ಲೆಕ್ಕ ಹೇಳಿದೆ. ಟೊಂಗೆ ಮುರಿಯುತ್ತದೆ ಅಂದೆ.

“ಆ ಮಿಲ್ಟ್ರಿ ಹಣ್ಣಿನ ಶಾಸ್ತ್ರ ಅವರ ಊರಾಗಿರಲಿ. ಈ ಸಲ ಕೂಸು ಕೈಗೆ ಬರೂತನಕ ನಮ್ಮ ಹಿತ್ತಲದಾಗ ಒಂದ ಹೀಚೂ ನೆಲಕ್ಕ ಬೀಳಬಾರದವ್ವ. ನಿನ್ನ ಕಾಲಿಗೆ ಬೀಳತೀನಿ.”

ಅತ್ತೆ ಸೊಸೆಯ ಕಾಲಿಗೆ ಬೀಳುತ್ತೇನೆ ಅಂದ ಮೇಲೆ ಇನ್ನೇನು ಉಳಿಯಿತು? ಖಾಲಿ ಬಕೆಟ್ ತೆಗೆದುಕೊಂಡು ಒಳಗೆ ಬಂದೆ. ಕಿಟಕಿಯಲ್ಲಿ ಗಿರಿಜಾ ಕೂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

ಅಷ್ಟಕ್ಕೇ ಮುಗಿದಿದ್ದರೆ ಇದು ಅಂಕಣಕ್ಕೆ ಬರುತ್ತಿರಲಿಲ್ಲ. (ಬರುತ್ತಿತ್ತು. ಬರೆಯಲು ಬೇರೆ ಏನೂ ಹೊಳೆಯದ ವಾರಗಳು ನನ್ನ ಬಳಿ ಧಾರಾಳವಾಗಿವೆ.)

ನೋಡಲು ಬರುವವರು ಶುರುವಾದರು. ನಮ್ಮ ಕಡೆ ಬಸುರಿಯನ್ನು ನೋಡಲು ಬರಿಗೈಯಲ್ಲಿ ಯಾರೂ ಬರುವುದಿಲ್ಲ. ಒಬ್ಬರು ಗುಡಿಯ ಅಂಗಾರದ ಬೂದಿ ತರುತ್ತಾರೆ, ಒಬ್ಬರು ದಾರ ತರುತ್ತಾರೆ, ಒಬ್ಬರು ಕೆಂಪು ಬಾಳೆಹಣ್ಣು. ಏನೂ ತಾರದವರು ಒಂದು ಸಲಹೆಯನ್ನಾದರೂ ಬಿಟ್ಟು ಹೋಗುತ್ತಾರೆ. ಎಡ ಮಗ್ಗುಲಿಗೆ ಮಲಗು. ಬಲಕ್ಕೆ ಮಲಗಬೇಡ. ಪಪ್ಪಾಯಿ ನೋಡಲೂ ಬೇಡ. ಮೊಬೈಲ್ ಹೊಟ್ಟೆಯ ಹತ್ತಿರ ಇಡಬೇಡ. ಎಲ್ಲರ ಕೊನೆಯ ಮಾತು ಒಂದೇ: “ಈ ಸಲ ಏನೂ ಆಗಂಗಿಲ್ಲ.”

ಖಾನಾಪುರದಿಂದ ಬಸವರಾಜನ ಚಿಕ್ಕಮ್ಮ ಬಂದರು. ಎಲ್ಲರೂ ಅವರನ್ನು ಕಾಕು ಅನ್ನುತ್ತಾರೆ. ದೊಡ್ಡ ಮನಸ್ಸು, ಅದಕ್ಕೆ ತಕ್ಕ ದೊಡ್ಡ ದನಿ. ಕೋಣೆಗೆ ಬಂದವರೇ ಕಿಟಕಿಯಾಚೆ ನೋಡಿ ನಿಂತುಬಿಟ್ಟರು.

“ಅಯ್ಯ, ಗಿಡಾನೂ ಹೆಂಗ ಮೈತುಂಬಿ ನಿಂತೈತಿ ನೋಡ್ರಿ. ಇದ ಲಕ್ಷಣ. ಖರೇನ ಹೇಳತೀನಿ ಗಿರಿಜಾ, ಈ ಗಿಡದ ಕಾಯಿ ಹೆಂಗ ಉಳೀತಾವೋ ಹಂಗ ನಿನ್ನ ಹೊಟ್ಟಿ ತಣ್ಣಗ ಉಳೀತೈತಿ.”

ಮುಗಿಯಿತು ಕಥೆ. ಆ ಮಾತು ಅವತ್ತೇ ಖಾನಾಪುರಕ್ಕೆ ಹೋಯಿತು, ಮರುದಿನ ನಂದಗಡಕ್ಕೆ. ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಗಿಡದ ಫೋಟೋ ಬಂತು, ಕೆಳಗೆ ಸಾಲು ಸಾಲು ಕೈಮುಗಿದ ಚಿತ್ರಗಳು. ಬಂದವರು ಗಿರಿಜಾಳಿಗಿಂತ ಮೊದಲು ಗಿಡ ನೋಡತೊಡಗಿದರು. ಅತ್ತೆ ಇಷ್ಟಲಿಂಗ ಪೂಜೆ ಮುಗಿಸಿ ಬಂದು ಗಿಡದ ಕಾಂಡಕ್ಕೂ ಮೂರು ಬೆರಳು ವಿಭೂತಿ ಎಳೆಯತೊಡಗಿದರು.

ಈಗ ನನ್ನ ಪರಿಸ್ಥಿತಿ ಯೋಚಿಸಿ. ಕಾಯಿ ಉಳಿದರೆ ಶುಭ ಅಂತ ಒಪ್ಪಿಕೊಂಡ ಮೇಲೆ, ಟೊಂಗೆ ಮುರಿದರೆ ಏನು? ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅವಶ್ಯಕತೆಯೂ ಇರಲಿಲ್ಲ. ಗಿರಿಜಾ ಇಡೀ ದಿನ ಆ ಕಿಟಕಿಯಲ್ಲೇ ಇರುತ್ತಿದ್ದಳಲ್ಲ.

ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಅನ್ನುತ್ತೇವೆ. ಸಂಭವನೀಯತೆಯ ಪಾಠ ಮಾಡುವಾಗ ಪ್ರತಿವರ್ಷ ಮಕ್ಕಳಿಗೆ ಅದೇ ಗಾದೆ ಹೇಳುತ್ತೇನೆ. ಒಂದಕ್ಕೊಂದು ಸಂಬಂಧ ಇಲ್ಲ ಮಕ್ಕಳೇ, ಎರಡೂ ಬೇರೆ ಬೇರೆ ಘಟನೆಗಳು. ಈ ವರ್ಷ ಅದನ್ನು ಹೇಳಿ ಮನೆಗೆ ಬಂದವಳು ನೇರ ಹಿತ್ತಲಿಗೆ ಹೋಗಿ ಕಾಗೆ ಓಡಿಸುತ್ತಿದ್ದೆ.

ಬಿದಿರಿನ ಗಳ ತರಿಸಿ ಟೊಂಗೆಗಳಿಗೆ ಆನಿಕೆ ಕೊಟ್ಟೆ. ಹಳೆಯ ಸೀರೆ ಹರಿದು ಜೋಲಿ ಕಟ್ಟಿದೆ. ಕಾಯಿ ಬಲಿತಂತೆ ಟೊಂಗೆ ಇನ್ನಷ್ಟು ಬಾಗಿತು, ಇನ್ನೊಂದು ಗಳ ಬೇಕಾಯಿತು. ಮಾರ್ಚ್ ತಿಂಗಳು ಪರೀಕ್ಷೆ. ಪರೀಕ್ಷೆಯ ಕೋಣೆಯಲ್ಲಿ ಮೂರು ತಾಸು ನಿಂತು ಕಾವಲು ಕಾಯುವುದು, ಮನೆಗೆ ಬಂದು ಗಿಡದ ಕಾವಲು. ಗಾಳಿ ಬೀಸಿದರೆ ಕೆಲಸ ಬಿಟ್ಟು ಹಿತ್ತಲಿಗೆ ಓಡುತ್ತಿದ್ದೆ. ಒಂದು ಕಾಯಿ ಉದುರಿದರೂ ಸೆರಗಿನಲ್ಲಿ ಮುಚ್ಚಿ ಕಸದ ಡಬ್ಬಿಗೆ ಹಾಕುತ್ತಿದ್ದೆ. ಹೂವು ನೋಡಿ ಖುಷಿಪಟ್ಟಿದ್ದ ಗಿಡ ಕಣ್ಣಿಗೆ ಬಿದ್ದರೆ ಸಾಕು, ಸಿಟ್ಟು ಬರುತ್ತಿತ್ತು.

ನಮ್ಮವರಿಗೆ ಹೇಳಿದೆ. “ನೀ ಸುಮ್ಮನ ತಲಿ ಕೆಡಿಸಿಕೋತಿ. ಗಿಡ ಗಿಡದಷ್ಟಕ್ಕ ಇರತೈತಿ,” ಅಂದರು. (ಗಳ ಹೊತ್ತು ತಂದವಳು ನಾನು. ಗಿಡ ತನ್ನಷ್ಟಕ್ಕೆ ಎಲ್ಲಿತ್ತು?)

ಏಪ್ರಿಲ್‌ನಲ್ಲಿ ಅಡ್ಡಮಳೆ ಬಂತು. ಉತ್ತರಪತ್ರಿಕೆ ಮೌಲ್ಯಮಾಪನ ಮುಗಿಸಿ ಆಗಷ್ಟೇ ಮನೆಗೆ ಬಂದಿದ್ದೆ. ಮೊದಲು ಧೂಳು, ಆಮೇಲೆ ಗಾಳಿ, ಆಮೇಲೆ ನಾಲ್ಕು ಆಣೆಕಲ್ಲು. ಅಡುಗೆಮನೆಯ ಕಿಟಕಿ ಹಾಕಲು ಹೋದಾಗ ಸದ್ದು ಕೇಳಿಸಿತು. ಹಿತ್ತಲಿಗೆ ಓಡಿದರೆ, ಕಾಂಪೌಂಡ್ ಕಡೆಯ ದೊಡ್ಡ ಟೊಂಗೆ ಬುಡದಿಂದ ಸೀಳಿ ನೆಲಕ್ಕೆ ಒರಗಿತ್ತು. ಅದರ ತುಂಬ ಹಸಿರು ಕಾಯಿ.

ಅತ್ತೆ ಒಳಗೆ ಮಲಗಿದ್ದರು. ಗಿರಿಜಾಳ ಕಿಟಕಿಗೆ ಪರದೆ ಎಳೆದಿತ್ತು. ಆ ಟೊಂಗೆ ಅವಳ ಕಡೆಗಿರಲಿಲ್ಲ, ಗಿಡದ ಆ ಮಗ್ಗುಲಿಗಿತ್ತು. ಯೋಚನೆ ಮಾಡುವಷ್ಟು ಹೊತ್ತು ಇರಲಿಲ್ಲ. ಗರಗಸ ತಂದೆ. ಸೀಳಿದ ತೊಗಟೆ ಕತ್ತರಿಸಿದೆ. ಟೊಂಗೆಯನ್ನು ಎರಡು ತುಂಡು ಮಾಡಿ, ಜೋಲಿ ಕಟ್ಟಿದ್ದ ಅದೇ ಸೀರೆಯಲ್ಲಿ ಸುತ್ತಿ, ಎದೆಗೆ ಅವಚಿಕೊಂಡು ರಸ್ತೆಗೆ ಬಂದೆ. ಎದುರು ಮನೆಯವರು ವರಾಂಡದಲ್ಲಿ ಮಳೆ ನೋಡುತ್ತ ನಿಂತಿದ್ದರು.

“ಏನ್ರಿ ಟೀಚರ, ಮಳ್ಯಾಗ ಏನ ಒಯ್ಯಾಕತ್ತೀರಿ?”

“ಹಳೇ ಅರಿವೀ ರೀ.”

ಮೂಲೆಯ ಖಾಲಿ ಸೈಟಿನಲ್ಲಿ ಬಿಸಾಕಿ ಬಂದೆ. ಬಚ್ಚಲಲ್ಲಿ ಬಿಸಿನೀರು ಸುರಿದುಕೊಳ್ಳುತ್ತ ನನಗೆ ಅಳು ಬಂತು. ಟೊಂಗೆ ಹೋಯಿತು ಅಂತಲ್ಲ. ಗಣಿತದಲ್ಲಿ ಎಂಎಸ್ಸಿ ಮಾಡಿದವಳು, ಒಂದು ಗಿಡದ ಟೊಂಗೆ ಮುರಿದದ್ದಕ್ಕೆ ಗಿರಿಜಾಳ ಮಗುವಿಗೆ ಏನಾಗುತ್ತದೋ ಎಂದು ನಾನೂ ಒಳಗೊಳಗೇ ಹೆದರಿದ್ದೆ. ಅದು ಗೊತ್ತಾಗಿ ಅಳು ಬಂತು.

ಮರುದಿನ ಬೆಳಗ್ಗೆ ಗಿರಿಜಾಳಿಗೆ ಚಹಾ ಕೊಡುವ ನೆಪದಲ್ಲಿ ಕೋಣೆಗೆ ಹೋದೆ. ಅವಳ ಜಾಗದಿಂದ ಮುರಿದ ಕಡೆ ಕಾಣುತ್ತದೋ ಇಲ್ಲವೋ ನೋಡಬೇಕಿತ್ತು. ಮಂಚದ ಅಂಚಿಗೆ ಕೂತು ಹೊರಗೆ ಇಣುಕಿದೆ. ಗಾಯ ಕಾಣುತ್ತಿರಲಿಲ್ಲ, ಸದ್ಯ. ಆದರೆ ಕಣ್ಣಿಗೆ ಬಿದ್ದದ್ದು ಬೇರೆ.

ಕಿಟಕಿಗೆ ತಾಗಿಕೊಂಡೇ ಇದ್ದ ಟೊಂಗೆ. ನಾನು ಅದಕ್ಕೆ ಗಳ ಕೊಟ್ಟಿರಲಿಲ್ಲ. ಯಾಕೆ ಕೊಟ್ಟಿರಲಿಲ್ಲ? ಬಾಗಿರಲಿಲ್ಲ ಅದು. ಬಾಗದ್ದರ ಕಡೆ ತಿರುಗಿ ನೋಡುವಷ್ಟು ಪುರುಸೊತ್ತು ನನಗೆ ಎಲ್ಲಿತ್ತು? ಈಗ ನೋಡಿದರೆ, ಬೇರೆ ಟೊಂಗೆಗಳ ಕಾಯಿಗಿಂತ ಇದರ ಕಾಯಿ ಎರಡರಷ್ಟು ದಪ್ಪ. ಕೆನ್ನೆಯಲ್ಲಿ ಆಗಲೇ ಕೆಂಪು. ಒಂದಕ್ಕೊಂದು ದೂರ ದೂರ. ಸರಳಿನ ಸಂದಿಯಿಂದ ಕೈ ಚಾಚಿ ಗೇಣು ಹಾಕಿ ನೋಡಿದೆ. ಗೇಣಿಗೊಂದು.

ಗಿರಿಜಾಳ ಮುಖ ನೋಡಿದೆ.

“ನಾನ ಹರದೀನ್ರಿ ವೈನಿ. ಕೈಗೆ ಸಿಕ್ಕಷ್ಟು.”

“ಯಾವಾಗ?”

“ನೀವು ಬಕೆಟ್ ತಗೊಂಡು ಒಳಗ ಬಂದ್ರಲ್ಲ, ಅವತ್ತ ಮಧ್ಯಾಹ್ನ ಶುರು ಮಾಡಿದೆ. ಅವ್ವ ಮಲಗಿದಾಗ. ದಿನಾ ಒಂದೀಟು.”

ಕಿಟಕಿಯ ಕೆಳಗೆ ಕೆಸುವಿನ ಎಲೆಗಳ ಪೊದೆ. ಬಗ್ಗಿ ನೋಡಿದೆ. ಎಲೆಗಳ ಅಡಿಯಲ್ಲಿ ಒಣಗಿ ಸುಕ್ಕಾದ ಹೀಚುಗಳು ರಾಶಿ ಬಿದ್ದಿದ್ದವು.

“ಮತ್ತ ನಿನ್ನಿ ಟೊಂಗಿ ಮುರದದ್ದೂ ಗೊತ್ತೈತಿ. ಸಪ್ಪಳ ಕೇಳಿ ಪರದೆ ಸಂದ್ಯಾಗಿಂದ ನೋಡಿದೆ. ನೀವು ಸೀರಿ ಸುತ್ತಿ ಒಯ್ಯುದೂ ನೋಡಿದೆ.” ಸ್ವಲ್ಪ ನಕ್ಕಳು. “ಕೂಸಿನ ಎತ್ತಿಕೊಂಡಂಗ ಎತ್ತಿಕೊಂಡು ಹೊಂಟಿದ್ರಿ.”

ನನಗೆ ನಗು ಬರಲಿಲ್ಲ. “ನಿನಗ ಹೆದರಿಕಿ ಆಗಲಿಲ್ಲೇನ?” ಅಂದೆ.

ಅವಳು ಚಹಾದ ಕಪ್ಪನ್ನು ಕೆಳಗಿಟ್ಟಳು.

“ಹೋದ ಎರಡೂ ಸಲ ನಾ ಏನೂ ಹರೀಲಿಲ್ಲ ವೈನಿ. ಏನೂ ಮುರೀಲಿಲ್ಲ, ಏನೂ ಹೆಚ್ಚಲಿಲ್ಲ. ಹೊಸ್ತಿಲ ಮ್ಯಾಲ ನಿಲ್ಲಲಿಲ್ಲ. ಹೇಳಿದ್ದೆಲ್ಲಾ ಮಾಡಿದೆ. ಉಳೀತೇನು? ಆಮ್ಯಾಲ ಎಲ್ಲಾರೂ ನನ್ನ ಕೇಳಿದ್ರು, ಏನ ತಪ್ಪಿದಿ, ಎಲ್ಲಿ ತಪ್ಪಿದಿ ಅಂತ. ನಾನೂ ವರ್ಷಗಟ್ಟಲೆ ಅದನ್ನ ಹುಡುಕಿದೆ, ಸಿಗಲಿಲ್ಲ. ಅದಕ್ಕ ಈ ಸಲ ಹರದೆ. ಹರದ ಮ್ಯಾಲೂ ಒಳಗ ಒದೀತು ಅದು. ಅವತ್ತ ನನಗ ನಿದ್ದಿ ಹತ್ತಿತು.”

ಬಾಗಿಲಲ್ಲಿ ಅತ್ತೆ ನಿಂತಿದ್ದರು. ಕೈಯಲ್ಲಿ ಗಿರಿಜಾಳ ಹಾಲಿನ ಲೋಟ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ನಾನು ಎದ್ದು ನಿಂತೆ. ಬಯ್ಗುಳ ಕೇಳಲು ಸಿದ್ಧಳಾದೆ, ಅತ್ತೆ ಅಳುವುದನ್ನು ನೋಡಲು ಕೂಡ.

ಎರಡೂ ಆಗಲಿಲ್ಲ. ಅವರು ಬಂದು ಮಗಳ ಪಕ್ಕ ಕೂತರು. ಲೋಟ ಕೈಯಲ್ಲೇ ಇತ್ತು.

“ನೀ ತಪ್ಪಲಿಲ್ಲ ಅಂತ ನನಗೂ ಗೊತ್ತೈತಿ,” ಅಂದರು. “ಹೀಚು ಹರದ್ರ ಏನೂ ಆಗಂಗಿಲ್ಲ ಅಂತನೂ ಗೊತ್ತೈತೋ ಏನೋ. ನಂದಗಡದಾಗ ಮಾವಿನ ಹೀಚು ಕಿತ್ತು ಉಪ್ಪಿಗೆ ಹಾಕಿದವಳು ನಾನ. ಆದ್ರ ನಾ ಏನ ಮಾಡ್ಲಿ ಹೇಳು. ಡಾಕ್ಟರು ಡಾಕ್ಟರಕಿ ಮಾಡತಾರ, ಶೋಭಾ ಅಡಗಿ ಮಾಡತಾಳ, ನೀ ಕೂಸಿನ ಹೊರತಿ. ನನಗ ಮಾಡಾಕ ಏನೈತಿ? ಸುಮ್ಮನ ಕುಂತು ನೋಡಾಕ ಆಗಂಗಿಲ್ಲವ್ವ ನನಗ. ಏನರ ಒಂದು ಹಿಡಕೊಂಡು ಕುಂದರಬೇಕಲ್ಲ.”

ಗಿರಿಜಾ ತಾಯಿಯ ಕೈಯಿಂದ ಲೋಟ ತೆಗೆದುಕೊಂಡು ಹಾಲು ಕುಡಿದಳು. ಪೂರ್ತಿ ಕುಡಿದಳು. ಬೇಡ ಬೇಡ ಎಂದು ದಿನವೂ ಅರ್ಧ ಬಿಡುವವಳು.

ನನಗೆ ಅತ್ತೆಯ ಮೇಲೆ ಮೂರು ತಿಂಗಳಿಂದ ಒಳಗೇ ಕುದಿಯುತ್ತಿದ್ದ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಗಳ ಕೊಟ್ಟವಳು, ಕಾಗೆ ಓಡಿಸಿದವಳು ನಾನೂ ಹೌದಲ್ಲ? ಆ ಮನೆಯಲ್ಲಿ ಮೂವರು ಹೆಂಗಸರು ಒಂದೇ ಭಯವನ್ನು ಬೇರೆ ಬೇರೆ ಮೂಲೆಯಲ್ಲಿ ಕೂತು, ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಹೊತ್ತಿದ್ದೆವು. ಒಂದೇ ಅಡುಗೆಮನೆ, ಒಂದೇ ಊಟ. ಮಾತು ಮಾತ್ರ ಆಗಿರಲಿಲ್ಲ.

ಮುಂದಿನ ಭಾನುವಾರ ಉಳಿದ ಟೊಂಗೆಗಳ ಭಾರ ಇಳಿಸಿದೆ. ತಡವಾಗಿತ್ತು, ಹಣ್ಣು ಇನ್ನು ದಪ್ಪ ಆಗುವ ಹೊತ್ತು ಮೀರಿತ್ತು. ಟೊಂಗೆಯಾದರೂ ಉಳಿಯಲಿ ಎಂದು ಕಿತ್ತೆ. ಅತ್ತೆ ಗಿಡ ಮುಟ್ಟಲಿಲ್ಲ. ಕುರ್ಚಿ ಹಾಕಿಸಿಕೊಂಡು ಕೂತು, ಬಕೆಟ್ಟನ್ನು ತಾವೇ ಹಿಡಿದರು. ಕಿತ್ತ ಕಾಯಿ ನೆಲಕ್ಕೆ ತಾಗಬಾರದು ಎಂಬಷ್ಟು ನಿಯಮ ಉಳಿಸಿಕೊಂಡರು. ಉಳಿಸಿಕೊಳ್ಳಲಿ. ಗಿರಿಜಾ ಕಿಟಕಿಯಿಂದ ‘ವೈನಿ, ಬಾಜೂದು ಬಿಟ್ರಿ, ಅದನ್ನೂ ತಗೀರಿ’ ಎಂದು ಹೇಳುತ್ತಿದ್ದಳು. ಸಂಜೆ ಅತ್ತೆ ಆ ಹಸಿರು ಕಾಯಿಗಳನ್ನು ತುರಿದು ಬೆಲ್ಲ ಹಾಕಿ, ಮಾವಿನಕಾಯಿಗೆ ಮಾಡುವ ಹಾಗೆ ಗುಳಂಬ ಮಾಡಿದರು. ಚೆನ್ನಾಗಿತ್ತು ಅನ್ನಲಾರೆ. ಎಲ್ಲರೂ ಚಪಾತಿಗೆ ಹಚ್ಚಿಕೊಂಡು ತಿಂದೆವು.

ಇದೆಲ್ಲ ಬರೆಯಲು ಗಿರಿಜಾಳ ಒಪ್ಪಿಗೆ ಕೇಳಿದೆ. “ಬರೀರಿ, ಆದ್ರ ಕಡೀಗೆ ಎಲ್ಲಾ ಚಲೋ ಆತು ಅಂತ ಬರೀಬ್ಯಾಡ್ರಿ. ಇನ್ನೂ ಆಗಿಲ್ಲ,” ಅಂದಳು. ಹೌದು, ಇನ್ನೂ ಆಗಿಲ್ಲ. ಎಂಟನೆಯ ತಿಂಗಳು ನಡೆಯುತ್ತಿದೆ. ರಕ್ತದೊತ್ತಡ ಒಂದಿಷ್ಟು ಏರಿದೆ. ವಾರಕ್ಕೊಮ್ಮೆ ಬಾ ಎಂದಿದ್ದಾರೆ ಡಾಕ್ಟರು. ಆಸ್ಪತ್ರೆಯ ಬೆಂಚಿನ ಮೇಲೆ ಬಸವರಾಜ ಮೊಣಕಾಲು ಕುಣಿಸುತ್ತ ಕೂತಿರುತ್ತಾನೆ, ನಾನು ಕಣ್ಣು ಮುಚ್ಚಿ ಗೋಡೆಗೆ ತಲೆ ಆನಿಸುತ್ತೇನೆ. ದಣಿವು ಹೋಗಿಲ್ಲ. ಹೆದರಿಕೆಯೂ ಹೋಗಿಲ್ಲ. ಅದನ್ನು ಬಚ್ಚಿಡುವ ಕೆಲಸ ಮಾತ್ರ ನಿಂತಿದೆ.

ಮೊನ್ನೆ ಕಾಕು ಮತ್ತೆ ಬಂದಿದ್ದರು. ಕಿಟಕಿ ಪಕ್ಕದ ಟೊಂಗೆಯ ಹಣ್ಣು ಮಾಗಿವೆ. ಗಿರಿಜಾ ತಾನೇ ಕೈ ಚಾಚಿ ಒಂದು ಹಣ್ಣು ಕಿತ್ತು, ಸೆರಗಿನಲ್ಲಿ ಒರೆಸಿ ಅವರಿಗೆ ಕೊಟ್ಟಳು. ಅವಳು ಕಿತ್ತದ್ದು ನೋಡಿ ಕಾಕು ಒಂದು ಕ್ಷಣ ತಡೆದರು. ಹಣ್ಣು ತೆಗೆದುಕೊಂಡರು. ಹೊರಗೆ ನೋಡಿದರು. ಗಿಡ ಅರ್ಧ ಖಾಲಿ. ಏನೋ ಕೇಳಲು ಬಾಯಿ ತೆರೆದು, ಅತ್ತೆಯ ಮುಖ ನೋಡಿ ಬೇರೆ ಮಾತಾಡಿದರು.

“ಇರಲಿ ಬಿಡು. ಈ ಸಲ ಏನೂ ಆಗಂಗಿಲ್ಲ. ನಾ ಹೇಳತೀನಲ್ಲ.”

ಗಿರಿಜಾ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ಅವರ ಮುಖ ನೋಡುತ್ತ, ಮೆಲ್ಲಗೆ ಅಂದಳು. “ಗೊತ್ತಿಲ್ರಿ ಕಾಕು. ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಹಣ್ಣ ಹೆಂಗೈತ್ರಿ?”

ಕಾಕು ಹಣ್ಣನ್ನು ಕಚ್ಚಿ ನಿಧಾನವಾಗಿ ಅಗಿದರು, ನುಂಗಿದರು.

“ಸ್ವಲ್ಪ ಹುಳಿ ಐತವ್ವ,” ಅಂದರು.

ಹಣ್ಣು ಹುಳಿ ಎಂದು ಕೊಟ್ಟವರ ಮುಖದ ಮೇಲೆ ಹೇಳಬಲ್ಲ ನಾವು, ಒಬ್ಬ ಬಸುರಿಯ ಪಕ್ಕ ಕೂತು ‘ನಮಗೂ ಗೊತ್ತಿಲ್ಲ ತಾಯಿ, ನಮಗೂ ಹೆದರಿಕೆ’ ಎನ್ನಲು ಯಾಕೆ ಇಷ್ಟು ಹಿಂಜರಿಯುತ್ತೇವೆ?